ಉಮ್ಮತ್ತೂರಿನ ದೊರೆಗೆ ಏನಾಯಿತು?

ಕುದುರೆ ವ್ಯಾಪಾರಿಯೊಬ್ಬನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿಯತೊಡಗಿತೆಂದರೆ ಬೆಂಗಳೂರು, ಮೈಸೂರುಗಳ ಸಂಸಾರಸ್ಥರು ಬುತ್ತಿ ಕಟ್ಟಿಕೊಂಡು ಶಿವನಸಮುದ್ರಕ್ಕೆ ಹೊರಡುವುದು ವಾಡಿಕೆ. ಗಗನಚುಕ್ಕಿಯ ಎದುರಿಗೆ ನಿಂತು, ಹಾರಿಬರುವ ತುಂತುರಿಗೆ ಮುಖವೊಡ್ಡಿ, ಚಿತ್ರಾನ್ನ ಮೊಸರನ್ನಗಳನ್ನು ಮುಗಿಸುವ ವೇಳೆಗೆ ಜೊತೆಗಿರುವ ಹಿರಿಯರು ಯಾರಾದರೊಬ್ಬರು ಗಂಗರಾಜನ ಕತೆಯನ್ನು ತೆಗೆಯುತ್ತಾರೆ. ಈ ದ್ವೀಪದಲ್ಲಿ ಒಂದು ಪಟ್ಟಣವನ್ನು ಆಳುತ್ತಿದ್ದ ದೊರೆ ಆತ. ಅವನ ಇಬ್ಬರು ಅಳಿಯಂದಿರೇ ಮುನಿದು ಮುತ್ತಿಗೆ ಹಾಕಿದರಂತೆ. ಹನ್ನೆರಡು ವರ್ಷ ಕಾದರೂ ಹೊಳೆ ಅವರಿಗೆ ದಾರಿ ಕೊಡಲಿಲ್ಲವಂತೆ. ಕಡೆಗೆ ದೊರೆಯ ದಳವಾಯಿಯೇ ಲಂಚಕ್ಕೆ ಮನಸೋತು, ದಾಟಬಹುದಾದ ಕಡವನ್ನು ಶತ್ರುಗಳಿಗೆ ತೋರಿಸಿಕೊಟ್ಟನಂತೆ. ಇನ್ನು ಉಳಿಗಾಲವಿಲ್ಲವೆಂದು ಕಂಡ ಗಂಗರಾಜ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ, ಅದರ ಬೆನ್ನೇರಿ, ಭೋರ್ಗರೆಯುವ ಗಗನಚುಕ್ಕಿಗೆ ಧುಮುಕಿದನಂತೆ!

ಕೇಳಿದ ಮಕ್ಕಳು ಕೆಳಗಿನ ನೊರೆಯನ್ನು ನೋಡಿ ಮೈ ಜುಮ್ಮೆನ್ನಿಸಿಕೊಳ್ಳುತ್ತವೆ. ಕತೆ ಅಷ್ಟಕ್ಕೇ ಮುಗಿದಿದ್ದರೆ ನಮ್ಮ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ದೂರದ ಪೋರ್ಚುಗಲ್ ದೇಶದಿಂದ ಸಮುದ್ರ ದಾಟಿ ಬಂದಿದ್ದ ಸಾಹಸಿ ಕುದುರೆ ವ್ಯಾಪಾರಿಯೊಬ್ಬ, ಸುಮಾರು ಐದು ನೂರು ವರ್ಷಗಳ ಹಿಂದೆ, ನೀರಿನಿಂದ ಸುತ್ತುವರಿದ ಇಂತಹುದೇ ಒಂದು ಕೋಟೆಯ ಪತನವನ್ನು ಬರೆದಿಟ್ಟುಹೋಗಿದ್ದಾನೆ. ಅವನ ಪ್ರಕಾರ ದೊರೆ ನೀರಿಗೆ ಹಾರಲಿಲ್ಲ; ಜೀವಂತವಾಗಿ ಸಿಕ್ಕಿಬಿದ್ದು, ರಾಜಧಾನಿಯ ಸೆರೆಮನೆಯಲ್ಲಿ ಕೊಳೆತು ಸತ್ತ.

ಯಾವುದು ನಿಜ? ಮೇಲುನೋಟಕ್ಕೆ ಉತ್ತರ ಸುಲಭ. ಒಂದು ಕಡೆ ಬಾಯಿಂದ ಬಾಯಿಗೆ ಬಂದ ಐತಿಹ್ಯ. ಇನ್ನೊಂದು ಕಡೆ ಅದೇ ಶತಮಾನದಲ್ಲಿ ವಿಜಯನಗರದಲ್ಲೇ ಇದ್ದವನ ಲಿಖಿತ ಸಾಕ್ಷ್ಯ. ಬರೆದದ್ದನ್ನು ನಂಬುವುದು ನಮ್ಮ ಅಭ್ಯಾಸ. ಬರೆದವನು ಪರದೇಶದವನಾದರಂತೂ ಇನ್ನೂ ಹೆಚ್ಚು. ಆದರೆ ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ವ್ಯಾಪಾರಿಯನ್ನು ಇಂದು ಸಾಕ್ಷಿಕಟ್ಟೆಗೆ ಕರೆದು ನಾಲ್ಕು ಪ್ರಶ್ನೆ ಕೇಳೋಣ.

ಯಾರು ಈ ಉಮ್ಮತ್ತೂರಿನವರು?

ಮೊದಲು ಸೋತವರ ಪರಿಚಯ. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯಲ್ಲಿ, ಚಾಮರಾಜನಗರ ತಾಲ್ಲೂಕಿನ ಒಂದು ಗ್ರಾಮ ಉಮ್ಮತ್ತೂರು. ಭುಜಂಗೇಶ್ವರನ ದೇವಾಲಯ, ಉರುಕಾತೇಶ್ವರಿಯ ಜಾತ್ರೆ, ಸುತ್ತ ಹೊಲಗಳು—ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಂತೆ ಇದೂ ಒಂದು ಊರು. ಇಲ್ಲಿಂದ ಒಂದು ರಾಜ್ಯವನ್ನು ಆಳುತ್ತಿದ್ದರೆಂದು ದಾರಿಹೋಕನಿಗೆ ಹೊಳೆಯುವುದೇ ಇಲ್ಲ.

ಆದರೆ ಶಿಲಾಶಾಸನಗಳು ಮರೆತಿಲ್ಲ. ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟವನ್ನು ತೆರೆದರೆ, ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಲ್ಲಿ ಉಮ್ಮತ್ತೂರಿನ ಒಡೆಯರ ಹೆಸರುಗಳು ಕಾಣಸಿಗುತ್ತವೆ. ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಅವರು ಬರಿಯ ಪಾಳೆಯಗಾರರಾಗಿ ಉಳಿದಿರಲಿಲ್ಲ. ‘ಪೆನುಗೊಂಡ ಚಕ್ರೇಶ್ವರ’ ಎಂಬ ಬಿರುದನ್ನು ಧರಿಸಿದ್ದರು. ಪೆನುಗೊಂಡೆಯೆಂದರೆ ವಿಜಯನಗರದ ಅರಸರಿಗೆ ರಾಜಧಾನಿಯಷ್ಟೇ ಮುಖ್ಯವಾದ ದುರ್ಗ. ಉಮ್ಮತ್ತೂರಿನಲ್ಲಿ ಕುಳಿತು ಪೆನುಗೊಂಡೆಯ ಒಡೆತನವನ್ನು ಸಾರುವುದೆಂದರೆ ಚಕ್ರವರ್ತಿಯ ಅಂಗಳದಲ್ಲೇ ನಿಂತು ಮೀಸೆ ತಿರುವಿದಂತೆ. ಇದನ್ನು ಯಾವ ಅರಸು ತಾನೇ ಸಹಿಸಿಯಾನು?

ಕೃಷ್ಣದೇವರಾಯನ ಅಣ್ಣ ವೀರನರಸಿಂಹ ಉಮ್ಮತ್ತೂರಿನ ಮೇಲೆ ದಂಡೆತ್ತಿಹೋಗಿ ಕೈಗೂಡದೆ ಹಿಂತಿರುಗಿದನೆಂದು ಚರಿತ್ರಕಾರರು ಹೇಳುತ್ತಾರೆ. ೧೫೦೯ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಆ ಕೆಲಸವನ್ನು ಕೈಗೆತ್ತಿಕೊಂಡ. ೧೫೧೦ರಿಂದ ೧೫೧೨ರ ಸುಮಾರಿಗೆ ನಡೆದ ಆ ಯುದ್ಧದಲ್ಲಿ ಉಮ್ಮತ್ತೂರು ಬಿದ್ದಿತು. ಗಂಗರಾಜನ ಕೊನೆಯ ಆಸರೆಯಾಗಿದ್ದ ಶಿವನಸಮುದ್ರದ ದ್ವೀಪದುರ್ಗವೂ ಬಿದ್ದಿತು. ಓಡಿಹೋಗುವಾಗ ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತನೆಂದು ನಮ್ಮ ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಅವನನ್ನು ಮುಗಿಸಿಬಿಡುತ್ತವೆ. ಹೀಗೆ ಒಬ್ಬ ಮನುಷ್ಯನಿಗೆ ಮೂರು ಮರಣಗಳಾದುವು: ಮುಳುಗಿದ್ದು, ಧುಮುಕಿದ್ದು, ಸೆರೆಯಲ್ಲಿ ಸತ್ತದ್ದು. ಮುಳುಗಿದವನು ಸೋತು ಓಡಿದವನು. ಧುಮುಕಿದವನು ಮಾನಕ್ಕಾಗಿ ಪ್ರಾಣಬಿಟ್ಟವನು. ಸೆರೆಯಲ್ಲಿ ಸತ್ತವನು ಚಕ್ರವರ್ತಿಯ ಕೈಗೊಂಬೆಯಾದವನು. ಸತ್ತ ಬಗೆಯಲ್ಲಿ ಬದುಕಿದ ಬಗೆಯನ್ನೂ ಜನ ಓದುತ್ತಾರಾದ್ದರಿಂದ ಇದು ಬರಿಯ ಪಂಡಿತರ ವಾಗ್ವಾದವಲ್ಲ. ಒಂದು ಸೀಮೆಯ ಮರ್ಯಾದೆಯ ಮಾತು.

ಸಾಹಸಿಗಳ ಸಾಕ್ಷ್ಯ

ಆ ಕಾಲದಲ್ಲಿ ನಮ್ಮ ನಾಡಿಗೆ ಬಂದ ಪರದೇಶಿಗಳು ಒಬ್ಬಿಬ್ಬರಲ್ಲ. ಉಮ್ಮತ್ತೂರಿನವರು ಇನ್ನೂ ತಲೆಯೆತ್ತಿ ನಿಂತಿದ್ದ ದಿನಗಳಲ್ಲೇ ಇಟಲಿಯ ಲುಡೊವಿಕೊ ದಿ ವರ್ತೆಮ ಎಂಬಾತ ಭಟ್ಕಳ, ಹೊನ್ನಾವರ, ಮಂಗಳೂರುಗಳನ್ನು ನೋಡಿಕೊಂಡು ವಿಜಯನಗರಕ್ಕೂ ಹೋಗಿಬಂದ. ಅದಕ್ಕೆ ಮುಂಚೆ ವೇಷ ಮರೆಸಿಕೊಂಡು ಮೆಕ್ಕಾ ನಗರವನ್ನೇ ಹೊಕ್ಕು ಬಂದಿದ್ದ ಎಂಟೆದೆಯ ಬಂಟ ಆತ. ೧೫೧೦ರಲ್ಲಿ ರೋಮಿನಲ್ಲಿ ಅಚ್ಚಾದ ಅವನ ಪ್ರವಾಸಕಥನವನ್ನು ಯೂರೋಪಿನ ಜನ ಮುಗಿಬಿದ್ದು ಓದಿದರು. ಆದರೆ ೧೫೬೩ರಲ್ಲಿ ಗೋವೆಯ ವೈದ್ಯ ಗಾರ್ಸಿಯ ದ ಓರ್ತ, ವರ್ತೆಮನನ್ನು ಬಲ್ಲವರ ಮಾತನ್ನು ಆಧರಿಸಿ, ಅವನು ಕಲ್ಲಿಕೋಟೆ ಕೊಚ್ಚಿಗಳಿಂದ ಆಚೆಗೆ ಹೋದವನೇ ಅಲ್ಲವೆಂದು ಬರೆದ. ಮಲಾಕ್ಕದವರೆಗೂ ಅದರಾಚೆಯ ದ್ವೀಪಗಳವರೆಗೂ ಹೋದೆನೆಂಬ ಅವನ ಹೇಳಿಕೆಯನ್ನು ವಿದ್ವಾಂಸರು ಇಂದಿಗೂ ಸಂದೇಹದಿಂದಲೇ ನೋಡುತ್ತಾರೆ.

ಹಾಗೆಂದು ವರ್ತೆಮನ ಪುಸ್ತಕವನ್ನೇ ಕಸದ ಬುಟ್ಟಿಗೆ ಹಾಕಿದರೇ? ಇಲ್ಲ. ಮೆಕ್ಕಾದ ವಿಧಿವಿಧಾನಗಳನ್ನು ಅವನು ಬಣ್ಣಿಸಿದ್ದು ಬಹುಮಟ್ಟಿಗೆ ಸರಿಯೆಂದು ತರುವಾಯ ಬಂದವರು ಒಪ್ಪಿದರು. ಅಲ್ಲಿ ಒಂಟಿಕೊಂಬಿನ ಎರಡು ಪ್ರಾಣಿಗಳನ್ನು ಕಂಡೆನೆಂದು ಬರೆದವನೂ ಅವನೇ! ಒಂದೇ ಪುಸ್ತಕ, ಒಂದೇ ಕೈ. ಒಂದು ಪುಟ ಕಣ್ಣಾರೆ ಕಂಡದ್ದು, ಇನ್ನೊಂದು ಪುಟ ಕಿವಿಯಾರೆ ಕೇಳಿದ್ದು, ಮತ್ತೊಂದು ಪುಟ ಓದುಗರನ್ನು ಬೆರಗುಗೊಳಿಸಲು ಸೇರಿಸಿದ್ದು. ಆದುದರಿಂದ ಸಾಹಸಿಗಳ ಬರಹವನ್ನು ಇಡಿಯಾಗಿ ನಂಬುವುದೂ ತಪ್ಪು, ಇಡಿಯಾಗಿ ತಳ್ಳಿಹಾಕುವುದೂ ತಪ್ಪು. ಅಕ್ಕಿಯನ್ನು ಮೊರಕ್ಕೆ ಹಾಕಿ ಕೇರುವ ಗೃಹಿಣಿಯಂತೆ ಒಂದೊಂದು ವಾಕ್ಯವನ್ನೂ ಕೇರಬೇಕು.

ಈ ತಿಳಿವಳಿಕೆಯೊಡನೆ ನಮ್ಮ ಕುದುರೆ ವ್ಯಾಪಾರಿಯ ಬಳಿಗೆ ಬರೋಣ. ಅವನ ಹೆಸರು ಫೆರ್ನಾವ್ ನ್ಯೂನಿಜ್. ಕೃಷ್ಣದೇವರಾಯನ ತರುವಾಯ ಅಚ್ಯುತರಾಯ ಆಳುತ್ತಿದ್ದಾಗ, ಸುಮಾರು ೧೫೩೫ರಿಂದ ೧೫೩೭ರವರೆಗೆ, ಅವನು ವಿಜಯನಗರದಲ್ಲಿದ್ದ. ಅಲ್ಲಿನ ಅರಸರ ಚರಿತ್ರೆಯನ್ನು ತನ್ನ ಭಾಷೆಯಲ್ಲಿ ಬರೆದು ಸ್ವದೇಶಕ್ಕೆ ಕಳುಹಿಸಿದ. ಆ ಹಸ್ತಪ್ರತಿ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. ೧೮೯೭ರಲ್ಲಿ ಡೇವಿಡ್ ಲೋಪೆಸ್ ಅದನ್ನು ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದರು. ೧೯೦೦ರಲ್ಲಿ ರಾಬರ್ಟ್ ಸ್ಯೂಯೆಲ್ ಇಂಗ್ಲಿಷಿಗೆ ತಂದು, ‘ಮರೆತುಹೋದ ಸಾಮ್ರಾಜ್ಯ’ ಎಂಬರ್ಥದ ಹೆಸರಿನ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸೇರಿಸಿದರು.

ನ್ಯೂನಿಜ್ ಎಲ್ಲಿ ನೆಟ್ಟಗೆ, ಎಲ್ಲಿ ಸೊಟ್ಟಗೆ?

ಸಾಕ್ಷಿಯನ್ನು ಪರೀಕ್ಷಿಸುವ ಒಳ್ಳೆಯ ಉಪಾಯವೆಂದರೆ, ನಮಗೆ ಬೇರೆ ಮೂಲಗಳಿಂದ ತಿಳಿದಿರುವ ವಿಷಯವನ್ನೇ ಅವನನ್ನು ಕೇಳುವುದು.

ಮೊದಲನೆಯದು ಅವನ ಕಸುಬು. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಹಿಂದಿನ ಒಬ್ಬ ಅರಸನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತೆಂದೂ ಅವನು ಬರೆಯುತ್ತಾನೆ. ಬಾಲದ ಮಾತು ವ್ಯಾಪಾರಿಗಳು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದ ಹಳೆಯ ಸುದ್ದಿಯಿದ್ದೀತು. ಆದರೆ ಕುದುರೆಗಾಗಿ ಅರಸರು ಚಿನ್ನ ಸುರಿಯುತ್ತಿದ್ದರೆಂಬುದಕ್ಕೆ ವರ್ತೆಮನೂ ಸಾಕ್ಷಿ ನುಡಿಯುತ್ತಾನೆ. ಅಚ್ಯುತರಾಯನ ಕಾಲದ ನಾಯಕರಲ್ಲಿ ಯಾರಿಗೆ ಯಾವ ಸೀಮೆ, ಎಷ್ಟು ಹುಟ್ಟುವಳಿ, ಎಷ್ಟು ಸೈನ್ಯ ಎಂಬ ಪಟ್ಟಿಯನ್ನೂ ಅವನು ಕೊಡುತ್ತಾನೆ. ಗಿರಾಕಿಯ ಜೇಬಿನ ಆಳವನ್ನು ವ್ಯಾಪಾರಿಗಿಂತ ಚೆನ್ನಾಗಿ ತಿಳಿದವರು ಯಾರು?

ಎರಡನೆಯದು ರಾಯಚೂರಿನ ಯುದ್ಧ. ಅದು ನಡೆದದ್ದು ಮೇ ತಿಂಗಳ ಒಂದು ಶನಿವಾರ, ಅಮಾವಾಸ್ಯೆಯ ದಿನವೆಂದು ಹೇಳಿ ೧೫೨೨ನೆಯ ಇಸವಿಯೆನ್ನುತ್ತಾನೆ. ಸ್ಯೂಯೆಲ್ ಅವರು ತಿಥಿವಾರಗಳನ್ನು ಲೆಕ್ಕ ಹಾಕಿ, ಇತರ ಪೋರ್ಚುಗೀಸ್ ಬರಹಗಳನ್ನೂ ಹೋಲಿಸಿ, ಅದು ೧೫೨೦ರ ಮೇ ೧೯ರ ಶನಿವಾರವಿರಬೇಕೆಂದು ತೀರ್ಮಾನಿಸಿದರು. ವಾರ ಸರಿ, ಮಾಸ ಸರಿ, ಇಸವಿ ಎರಡು ವರ್ಷ ತಪ್ಪು. ಆ ಯುದ್ಧದಲ್ಲಿ ಕ್ರಿಸ್ತೊವಾವ್ ದೆ ಫಿಗೇರೆದೊ ಮೊದಲಾದ ಪೋರ್ಚುಗೀಸರೇ ಕೋವಿ ಹಿಡಿದು ಕಾದಿದ್ದರು. ಸ್ವಜನರ ಬಾಯಿಂದ ಕೇಳಿದ ಸುದ್ದಿಯಾದ್ದರಿಂದ ವಿವರಗಳಿಗೆ ಜೀವವಿದೆ.

ಮೂರನೆಯದು ಹಳೆಯ ಸಂಗತಿಗಳು. ದಿಲ್ಲಿಯ ಮಹಮ್ಮದ್ ತೊಗಲಕನ ಆಳ್ವಿಕೆಯನ್ನು ನ್ಯೂನಿಜ್ ೧೨೩೦ರಲ್ಲಿ ಇಡುತ್ತಾನೆ. ತೊಗಲಕ ಪಟ್ಟಕ್ಕೆ ಬಂದದ್ದು ೧೩೨೫ರಲ್ಲಿ. ಅಂದರೆ ಸುಮಾರು ಒಂದು ಶತಮಾನವೇ ಕೈತಪ್ಪಿದೆ!

ನಾಲ್ಕನೆಯದು ಅರಮನೆಯ ಒಳಗಿನ ಗುಟ್ಟು. ಸಾಯುವ ಕಾಲದಲ್ಲಿ ವೀರನರಸಿಂಹ, ತಮ್ಮನ ಕಣ್ಣು ಕೀಳಿಸೆಂದು ಸಾಳುವ ತಿಮ್ಮನಿಗೆ ಆಜ್ಞೆ ಮಾಡಿದನಂತೆ. ತಿಮ್ಮರಸು ಕೃಷ್ಣರಾಯನನ್ನು ಅಡಗಿಸಿಟ್ಟು, ಆಡಿನ ಕಣ್ಣುಗಳನ್ನು ತಂದು ತೋರಿಸಿದನಂತೆ. ಶಾಸನಗಳಲ್ಲಿ ಇದಕ್ಕೆ ಯಾವ ಆಧಾರವೂ ದೊರೆತಿಲ್ಲ. ಕಾಡಿಗೆ ಕರೆದೊಯ್ದ ರಾಜಕುಮಾರನನ್ನು ಕಟುಕ ಕರುಣೆಯಿಂದ ಬಿಟ್ಟು, ಪ್ರಾಣಿಯ ಕಣ್ಣನ್ನು ತಂದೊಪ್ಪಿಸುವ ಕತೆಯನ್ನು ನಾವೆಲ್ಲ ಅಜ್ಜಿಯ ತೊಡೆಯ ಮೇಲೆ ಕೇಳಿದವರೇ ಅಲ್ಲವೇ? ಅದೇ ಅಜ್ಜಿಕತೆ ಹಂಪೆಯ ಬಜಾರಿನಲ್ಲಿ ತಿಮ್ಮರಸುವಿನ ಹೆಸರು ಹೊತ್ತು ತಿರುಗುತ್ತಿದ್ದುದನ್ನು ನ್ಯೂನಿಜ್ ಚರಿತ್ರೆಯೆಂದು ಬರೆದುಕೊಂಡಂತೆ ತೋರುತ್ತದೆ.

ಇಷ್ಟರಿಂದ ಒಂದು ಅಳತೆಗೋಲು ಸಿಕ್ಕಿತು. ತನ್ನ ವ್ಯಾಪಾರಕ್ಕೆ ಸಂಬಂಧಿಸಿದ್ದಾದರೆ ನ್ಯೂನಿಜ್ ಗಟ್ಟಿ. ತನ್ನವರು ಕಂಡದ್ದಾದರೆ ಬಹುಮಟ್ಟಿಗೆ ಗಟ್ಟಿ. ಕಾಲ ಹಿಂದೆ ಹಿಂದೆ ಸರಿದಂತೆ, ಅರಮನೆಯ ಬಾಗಿಲು ಒಳಗೊಳಗೆ ಹೋದಂತೆ, ಅವನ ಮಾತು ಸಡಿಲ.

ನೀರಿನ ನಡುವಣ ಕೋಟೆ

ಇನ್ನು ನಮ್ಮ ಮೊಕದ್ದಮೆಯ ಮುಖ್ಯ ಭಾಗ. ಒರಿಸ್ಸದ ಗಜಪತಿಯೊಡನೆ ಯುದ್ಧ ಮುಗಿದ ಮೇಲೆ ಕೃಷ್ಣರಾಯ ‘ಕತುಯಿರ್’ ಎಂಬ ಸೀಮೆಯ ಮೇಲೆ ಹೋದನೆಂದು ನ್ಯೂನಿಜ್ ಬರೆಯುತ್ತಾನೆ. ಅಲ್ಲಿನ ಒಡೆಯ ಐವತ್ತು ವರ್ಷದಿಂದ ಅರಸನಿಗೆ ಮಣಿಯದೆ ದಂಗೆಯೆದ್ದಿದ್ದವನು. ಅವನಿದ್ದ ಪಟ್ಟಣದ ಸುತ್ತಲೂ ನೀರು. ರಾಯ ಮುತ್ತಿಗೆ ಹಾಕಿದಾಗ ‘ಚಳಿಗಾಲ’ವಾದ್ದರಿಂದ ಹೊಳೆ ಉಕ್ಕಿ ಹರಿಯುತ್ತಿತ್ತು, ಏನು ಮಾಡಿದರೂ ದಾಟುವಂತಿರಲಿಲ್ಲ. ಆಗ ಅರಸ ಸೈನಿಕರಿಂದ ಹೊಸ ಕಾಲುವೆಗಳನ್ನು ತೋಡಿಸಿ, ಹೊಳೆಯನ್ನು ಐವತ್ತು ಕವಲಾಗಿ ಒಡೆದು ಹರಿಸಿದ. ನೀರಿಳಿಯಿತು, ಸೈನ್ಯ ಕಾಲ್ನಡೆಯಿಂದಲೇ ಗೋಡೆಯನ್ನು ಮುಟ್ಟಿತು. ಒಳಗಿದ್ದ ಒಂದು ಲಕ್ಷ ಕಾಲಾಳುಗಳೂ ಮೂರು ಸಾವಿರ ರಾವುತರೂ ಕೆಚ್ಚಿನಿಂದ ಕಾದಿ ಹತರಾದರು. ಹದಿನಾರು ಲಕ್ಷ ಚಿನ್ನದ ಪರ್ದಾವ್—ಎಂದರೆ ನಮ್ಮ ವರಹ—ಅರಸನ ಕೈಸೇರಿತು. ಸೀಮೆಯನ್ನು ಅವನು ತನ್ನ ನಾಯಕರಿಗೆ ಹಂಚಿಕೊಟ್ಟ, ಒಡೆಯನನ್ನು ಹಿಡಿದು ‘ಬಿಸ್ನಗ’ಕ್ಕೆ ಸಾಗಿಸಿದ, ಅಲ್ಲಿ ಸೆರೆಮನೆಯಲ್ಲಿ ಅವನು ಸತ್ತ.

ಈ ಕತುಯಿರ್ ಯಾವುದು? ವಿಜಯನಗರವನ್ನು ‘ಬಿಸ್ನಗ’ವೆಂದೂ, ರಾಯಚೂರನ್ನು ‘ರಾಚೊಲ್’ ಎಂದೂ, ಸಾಳುವ ತಿಮ್ಮನನ್ನು ‘ಸಾಲ್ವತಿನಿಕ’ ಎಂದೂ ಬರೆದ ಕೈಯಲ್ಲಿ ಉಮ್ಮತ್ತೂರು ಏನಾದರೂ ಆದೀತು. ಸುತ್ತಲೂ ನೀರಿರುವ ಪಟ್ಟಣ, ಬಹುಕಾಲದಿಂದ ಮಣಿಯದ ಒಡೆಯ ಎಂಬ ಎರಡು ಗುರುತುಗಳೂ ಗಂಗರಾಜನಿಗೆ ಒಪ್ಪುತ್ತವೆ. ಶಿವನಸಮುದ್ರದ ಮುತ್ತಿಗೆಯನ್ನು ಓದುವಾಗ ಈ ಪುಟ ನೆನಪಿಗೆ ಬರುವುದು ಆ ಕಾರಣದಿಂದಲೇ. ಆದರೆ ಎದುರು ಪಕ್ಷದ ವಾದವನ್ನೂ ಮುಚ್ಚಿಡಬಾರದು. ನ್ಯೂನಿಜ್ ಈ ಸೀಮೆಯನ್ನು ಚೋಳಮಂಡಲದ ಕಡೆಗೆ ಇಡುತ್ತಾನೆ. ಗಜಪತಿಯ ಯುದ್ಧದ ಅನಂತರ ಎನ್ನುತ್ತಾನೆ. ಉಮ್ಮತ್ತೂರಿನ ಯುದ್ಧವಾದರೋ ಅದಕ್ಕೆ ಮೊದಲಿನದು. ದಿಕ್ಕೂ ತಪ್ಪು, ಅನುಕ್ರಮವೂ ತಪ್ಪು. ತೊಗಲಕನನ್ನೇ ನೂರು ವರ್ಷ ಹಿಂದಕ್ಕೆ ತಳ್ಳಿದವನಿಗೆ ಹತ್ತು ವರ್ಷದ ತಪ್ಪು ದೊಡ್ಡದಲ್ಲವೆನ್ನಬಹುದು. ಆದರೂ ‘ಇದು ಉಮ್ಮತ್ತೂರೇ’ ಎಂದು ಗುದ್ದಿ ಹೇಳುವವರು ಈ ಎರಡು ತೊಡಕುಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ಚಿಕ್ಕ ವಿವರ ಮಾತ್ರ ನ್ಯೂನಿಜನ ಪರವಾಗಿದೆ. ಚಳಿಗಾಲದಲ್ಲಿ ಹೊಳೆ ಉಕ್ಕುವುದೆಂದರೇನು ಎಂದು ನೀವು ನಕ್ಕಿರಬಹುದು. ಅಂದಿನ ಪೋರ್ಚುಗೀಸರು ಇಲ್ಲಿಯ ಮಳೆಗಾಲವನ್ನೇ ತಮ್ಮ ಭಾಷೆಯ ‘ಚಳಿಗಾಲ’ ಎಂಬ ಮಾತಿನಿಂದ ಕರೆಯುತ್ತಿದ್ದರು. ಹಡಗುಗಳು ಹೊರಡಲಾಗದೆ ರೇವಿನಲ್ಲೇ ಬಿದ್ದಿರುವ ತಿಂಗಳುಗಳು ಅವರಿಗೆ ಚಳಿಗಾಲ. ಕೊಡಗಿನಲ್ಲಿ ಮುಂಗಾರು ಸುರಿಯುವ ಅದೇ ತಿಂಗಳುಗಳಲ್ಲಿ ಶಿವನಸಮುದ್ರದ ಎರಡೂ ಕವಲುಗಳು ಉಕ್ಕಿ ಹರಿಯುತ್ತವೆ. ಮೂರ್ಖತನದಂತೆ ಕಾಣುವ ಮಾತು ಕೆಲವೊಮ್ಮೆ ಕೇಳುವವರ ಅಜ್ಞಾನವೇ ಆಗಿರುತ್ತದೆ!

ಲೆಕ್ಕಕ್ಕೆ ಬಾರದ ಲೆಕ್ಕ

ಸಂಖ್ಯೆಗಳ ಪಾಡು ಬೇರೆ. ಶಿವನಸಮುದ್ರದ ದ್ವೀಪ ಸುಮಾರು ಮೂರು ಮೈಲಿ ಉದ್ದ, ಮುಕ್ಕಾಲು ಮೈಲಿ ಅಗಲ; ಅಂದರೆ ಸುಮಾರು ಒಂದು ಸಾವಿರದ ನಾನೂರು ಎಕರೆ. ಬಂಡೆ, ಪೊದೆ, ಗುಡಿ, ಮನೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ ಒಂದು ಲಕ್ಷ ಮಂದಿಯನ್ನು ಹಂಚಿದರೂ ಎಕರೆಗೆ ಎಪ್ಪತ್ತು ಜನ. ತಲೆಗೆ ದಿನಕ್ಕೆ ಅರ್ಧ ಕಿಲೊ ರಾಗಿಯೆಂದರೂ ಐನೂರು ಕ್ವಿಂಟಲ್ ಬೇಕು. ಮೂರು ತಿಂಗಳ ಮಳೆಗಾಲಕ್ಕೆ ನಲವತ್ತೈದು ಸಾವಿರ ಕ್ವಿಂಟಲ್. ಹೊಳೆ ಉಕ್ಕಿ, ಹೊರಗೆ ಶತ್ರು ಕಾದಿರುವಾಗ ಇಷ್ಟು ಕಾಳು ಎಲ್ಲಿಂದ ಬರಬೇಕು? ಕುದುರೆಗಳ ಹುರುಳಿ, ಹುಲ್ಲು ಬೇರೆ. ಮನೆಯ ಸಾಮಾನಿನ ಚೀಟಿ ಬರೆದು ಬಲ್ಲ ಯಾವ ತಾಯಿಯೂ ಈ ಲಕ್ಷವನ್ನು ಒಪ್ಪಲಾರಳು.

ರಾಯಚೂರಿಗೆ ಹೊರಟ ರಾಯನ ದಂಡಿನಲ್ಲಿ ಏಳು ಲಕ್ಷಕ್ಕೂ ಮೀರಿದ ಕಾಲಾಳುಗಳಿದ್ದರೆಂದು ಬರೆದವನೂ ಇದೇ ನ್ಯೂನಿಜ್. ಅವನಿಗೆ ಲಕ್ಷವೆಂದರೆ ಎಣಿಕೆಯಲ್ಲ, ಅಚ್ಚರಿಯ ಗುರುತು. ಹದಿನಾರು ಲಕ್ಷ ವರಹವೂ ಅದೇ ಜಾತಿಗೆ ಸೇರಿದ್ದು. ವರಹಕ್ಕೆ ಮೂರೂವರೆ ಗ್ರಾಮಿಗೆ ತುಸು ಕಡಮೆ ತೂಕವೆಂದು ಹಿಡಿದರೂ ಐದು ಸಾವಿರ ಕಿಲೊಗಿಂತ ಹೆಚ್ಚಿನ ಚಿನ್ನವಾಗುತ್ತದೆ. ಒಂದು ಸೀಮೆಯ ಒಡೆಯನ ಬೊಕ್ಕಸಕ್ಕೆ ಇದು ಭಾರವಾದ ಮಾತು.

ತಂದೆಯ ಹೊಳೆ, ಮಗನ ಹೊಳೆ

ಇನ್ನು ಹೊಳೆಯನ್ನು ತಿರುಗಿಸಿದ ಸಂಗತಿ. ಇದು ಅಸಾಧ್ಯವೇನಲ್ಲ, ಕಾಲುವೆ ತೋಡುವುದರಲ್ಲಿ ಕಾವೇರಿ ತೀರದವರು ಹಿಂದಿನಿಂದಲೂ ಪಳಗಿದವರು. ಇದೇ ಶಿವನಸಮುದ್ರದ ಬಳಿ ನೀರನ್ನು ಕಾಲುವೆಗೆ ತಿರುಗಿಸಿಯೇ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದರು. ಆದರೆ ತುಂಬಿದ ಹೊಳೆಯನ್ನು, ಈ ಬಂಡೆಗಲ್ಲಿನ ನೆಲದಲ್ಲಿ, ದಂಡಿನವರ ಗುದ್ದಲಿಯಿಂದ ಒಣಗಿಸುವುದು ಬೇರೆಯ ಮಾತು.

ಇಲ್ಲಿ ಓದುಗರ ಗಮನಕ್ಕೆ ಒಂದು ಸಂಗತಿಯನ್ನು ತರಬೇಕಾಗಿದೆ. ಕೃಷ್ಣದೇವರಾಯನ ತಂದೆ ತುಳುವ ನರಸನಾಯಕನನ್ನು ಆ ವಂಶದ ಶಾಸನಗಳು ಕೊಂಡಾಡುವಾಗ ಒಂದು ಸಾಹಸವನ್ನು ತಪ್ಪದೆ ಹೇಳುತ್ತವೆ: ವೇಗವಾಗಿ ತುಂಬಿ ಹರಿಯುತ್ತಿದ್ದ ಕಾವೇರಿಗೆ ಕಟ್ಟೆ ಕಟ್ಟಿ ದಾಟಿ, ಶತ್ರುವನ್ನು ಜೀವಸಹಿತ ಸೆರೆಹಿಡಿದು, ಶ್ರೀರಂಗಪಟ್ಟಣವನ್ನು ತನ್ನದಾಗಿಸಿಕೊಂಡನೆಂಬುದೇ ಅದು. ಪಟ್ಟಾಭಿಷೇಕದ ಕಾಲದಲ್ಲಿ ಕೃಷ್ಣದೇವರಾಯ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಹಾಕಿಸಿದ ಶಾಸನದಲ್ಲೂ ತಂದೆಯ ಈ ಸಾಹಸ ಉಂಟು. ಉಮ್ಮತ್ತೂರಿನ ಯುದ್ಧ ಇನ್ನೂ ನಡೆದಿರದಿದ್ದಾಗ ಕೊರೆಸಿದ ಕಲ್ಲು ಅದು!

ಹೋಲಿಸಿ ನೋಡಿ. ಕಾವೇರಿಯ ನಡುವಣ ದ್ವೀಪ, ಪ್ರವಾಹ, ನೀರನ್ನು ಗೆದ್ದ ಅರಸ, ಜೀವಂತ ಸೆರೆಸಿಕ್ಕ ಶತ್ರು. ತಂದೆಯ ಕತೆಯಲ್ಲಿ ಏನೇನಿತ್ತೋ ಮಗನ ಕತೆಯಲ್ಲೂ ಅವೆಲ್ಲ ಇವೆ. ನ್ಯೂನಿಜ್ ಹಂಪೆಗೆ ಬಂದದ್ದು ಉಮ್ಮತ್ತೂರು ಬಿದ್ದು ಕಾಲು ಶತಮಾನ ಕಳೆದ ಮೇಲೆ. ಅಷ್ಟರಲ್ಲಿ ನರಸನ ಕಾವೇರಿಯೂ ಕೃಷ್ಣರಾಯನ ಕಾವೇರಿಯೂ ರಾಜಧಾನಿಯ ಜನರ ನಾಲಿಗೆಯ ಮೇಲೆ ಒಂದಾಗಿ ಹರಿದಿರಲಾರವೇ? ತಂದೆ ಹಿಡಿದ ಸೆರೆಯಾಳನ್ನು ಮಗನ ಸೆರೆಮನೆಯಲ್ಲಿ ಸಾಯಿಸಿದ್ದು ಈ ಬೆರಕೆಯ ಫಲವೇ ಇರಬಹುದು. ಇದು ನಮ್ಮ ಊಹೆ ನಿಜ. ಆದರೆ ತಳಬುಡವಿಲ್ಲದ ಊಹೆಯಲ್ಲ.

ಹಾಗಾದರೆ ಐತಿಹ್ಯವೇ ಗೆದ್ದಿತೇ?

ಅವಸರ ಬೇಡ. ಕಾವೇರಿಯ ದಂಡೆಯ ಕತೆಯನ್ನೂ ಅದೇ ಮೊರದಲ್ಲಿ ಕೇರಬೇಕು. ಅದನ್ನು ರೈಸ್ ಅವರು ತಮ್ಮ ಮೈಸೂರು ಗೆಝೆಟಿಯರಿನಲ್ಲಿ ದಾಖಲೆ ಮಾಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಂದರೆ ಯುದ್ಧ ನಡೆದು ಮುನ್ನೂರು ವರ್ಷಗಳಿಗೂ ಮೇಲೆ. ಅದರಲ್ಲಿ ಕೃಷ್ಣದೇವರಾಯನ ಸುಳಿವೇ ಇಲ್ಲ, ಶತ್ರುಗಳು ಅಳಿಯಂದಿರು. ಎರಡು ವರ್ಷದ ಯುದ್ಧ ಹನ್ನೆರಡು ವರ್ಷದ ಮುತ್ತಿಗೆಯಾಗಿದೆ. ಹನ್ನೆರಡು ನಮ್ಮ ಕತೆಗಳಿಗೆ ಪ್ರಿಯವಾದ ಸಂಖ್ಯೆ. ಗಗನಚುಕ್ಕಿಗೆ ಧುಮುಕಿದ ಅರಸನ ಕತೆಯನ್ನು ಆ ವಂಶದಲ್ಲಿ ಇನ್ನೊಬ್ಬ ದೊರೆಯ ಹೆಸರಿನಲ್ಲೂ ಹೇಳುವುದುಂಟು. ಕತೆಯ ಗಂಗರಾಜನೂ ಉಮ್ಮತ್ತೂರಿನ ಗಂಗರಾಜನೂ ಒಬ್ಬನೇ ಎಂದು ಪ್ರಮಾಣ ಮಾಡುವುದೂ ಕಷ್ಟ.

ಆದರೂ ಒಂದು ವಿಷಯದಲ್ಲಿ ಹಂಪೆಯ ವ್ಯಾಪಾರಿಯೂ ಹೊಳೆಯ ದಂಡೆಯ ಹಳ್ಳಿಗರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಮಾತನ್ನಾಡಿದ್ದಾರೆ: ಆ ಕೋಟೆಯನ್ನು ಕಾದದ್ದು ಗೋಡೆಯಲ್ಲ, ನೀರು, ನೀರನ್ನು ದಾಟುವ ಬಗೆ ಶತ್ರುವಿಗೆ ದೊರೆತ ದಿನ ಅದು ಬಿದ್ದಿತು. ಅರಸ ಹೊಳೆಯನ್ನು ಒಡೆದನೆಂದು ಗೆದ್ದವರು ಹೇಳಿದರು. ನಮ್ಮವನೇ ಕಡವನ್ನು ತೋರಿಸಿಕೊಟ್ಟನೆಂದು ಸೋತವರು ಹೇಳಿದರು. ಗೆಲುವನ್ನು ಜಾಣತನಕ್ಕೂ ಸೋಲನ್ನು ದ್ರೋಹಕ್ಕೂ ಕಟ್ಟುವುದು ಲೋಕರೂಢಿ. ದೊರೆಯ ಸಾವಿನ ಮಾತೂ ಹೀಗೆಯೇ. ರಾಜಧಾನಿಯ ಜನಕ್ಕೆ ಶತ್ರು ಸಂಕೋಲೆಯಲ್ಲಿ ಬಂದರೆ ಸಂತೋಷ. ಆ ಸೀಮೆಯ ಜನಕ್ಕೆ ತಮ್ಮ ದೊರೆ ಯಾರ ಕೈಗೂ ಸಿಗದೆ ಹೋದರೆ ಸಮಾಧಾನ.

ಇನ್ನು ತೀರ್ಪು. ನ್ಯೂನಿಜ್ ಹೇಳಿದ ಮುತ್ತಿಗೆ, ಮಳೆಗಾಲದ ಹೊಳೆ, ದಾಟಲಾಗದೆ ಕಳೆದ ದಿನಗಳು—ಇವನ್ನು ಶಿವನಸಮುದ್ರದ ನೆಲವೇ ಸಮರ್ಥಿಸುವುದರಿಂದ, ಕತುಯಿರ್ ಎಂದರೆ ಇದೇ ಎಂದು ಒಪ್ಪುವಷ್ಟರಮಟ್ಟಿಗೆ, ಸ್ವೀಕರಿಸೋಣ. ಗೆದ್ದ ಸೀಮೆಯನ್ನು ಅರಸ ತನ್ನವರಿಗೆ ಹಂಚಿದನೆಂಬುದನ್ನೂ ನಂಬೋಣ. ಏಕೆಂದರೆ ಯುದ್ಧದ ತರುವಾಯ ಗುಂಡ್ಲುಪೇಟೆಯ ಕಡೆಯ ತೆರಕಣಾಂಬಿ ಸೀಮೆಯ ಅಧಿಕಾರ ತಿಮ್ಮರಸುವಿನ ತಮ್ಮ ಸಾಳುವ ಗೋವಿಂದರಾಜನ ಕೈಯಲ್ಲಿದ್ದುದನ್ನು ಶಾಸನಗಳು ಹೇಳುತ್ತವೆ. ಐವತ್ತು ಕಾಲುವೆಯನ್ನು ಅರ್ಧ ನಂಬೋಣ. ಲಕ್ಷ ಕಾಲಾಳನ್ನೂ ಹದಿನಾರು ಲಕ್ಷ ವರಹವನ್ನೂ ಬಿಟ್ಟುಬಿಡೋಣ. ಸೆರೆಮನೆಯ ಸಾವನ್ನು ಚರಿತ್ರೆಯ ಪುಟದಲ್ಲಿ ‘ಹಂಪೆಯಲ್ಲಿ ಹೀಗೆ ಹೇಳುತ್ತಿದ್ದರು’ ಎಂಬ ಮಾತಿನೊಡನೆಯೇ ಬರೆಯೋಣ. ಗಗನಚುಕ್ಕಿಯ ಸಾವನ್ನು ‘ಹೊಳೆಯ ದಂಡೆಯಲ್ಲಿ ಹೀಗೆ ಹೇಳುತ್ತಾರೆ’ ಎಂದು ಅದರ ಪಕ್ಕದಲ್ಲೇ ಬರೆಯೋಣ. ಒಂದನ್ನು ಮುಚ್ಚಿ ಇನ್ನೊಂದನ್ನು ಮಾತ್ರ ಪಠ್ಯಪುಸ್ತಕಕ್ಕೆ ಸೇರಿಸುವ ಅಧಿಕಾರ ನಮಗಿಲ್ಲ.

ಮುಂದಿನ ಮಳೆಗಾಲದಲ್ಲಿ ನೀವು ಶಿವನಸಮುದ್ರಕ್ಕೆ ಹೋದಾಗ ಮಕ್ಕಳಿಗೆ ಗಂಗರಾಜನ ಕತೆಯನ್ನು ಖಂಡಿತ ಹೇಳಿ. ಕಣ್ಣಿಗೆ ಬಟ್ಟೆ ಕಟ್ಟಿದ ಆ ಕುದುರೆಯನ್ನು ಬಿಡಬೇಡಿ. ಅದಿಲ್ಲದೆ ಜಲಪಾತಕ್ಕೆ ಕಳೆಯಿಲ್ಲ. ಆದರೆ ಜೊತೆಗೆ ಆ ಪೋರ್ಚುಗೀಸ್ ವ್ಯಾಪಾರಿಯ ಕತೆಯನ್ನೂ ಹೇಳಿ, “ಇದನ್ನು ಹೇಳಿದವನು ಎಲ್ಲಿ ನಿಂತಿದ್ದ, ಯಾರಿಂದ ಕೇಳಿದ?” ಎಂದು ಅವರನ್ನೇ ಪ್ರಶ್ನಿಸಿ. ಹಿಂತಿರುಗುವಾಗ ಹೊತ್ತಿದ್ದರೆ ಕೊಳ್ಳೇಗಾಲದ ದಾರಿಯಾಗಿ ಉಮ್ಮತ್ತೂರಿಗೂ ಹೋಗಿಬನ್ನಿ. ಪೆನುಗೊಂಡೆಯ ಒಡೆತನವನ್ನು ಸಾರಿದ ಊರು ಈಗ ಹೊಲಗಳ ನಡುವೆ ಸದ್ದಿಲ್ಲದೆ ಕುಳಿತಿದೆ. ಅಲ್ಲಿನ ದೇವಾಲಯದ ನೆರಳಿನಲ್ಲಿ ಐದು ನಿಮಿಷ ಕುಳಿತು, ಸೋತವರ ಕಡೆಯಿಂದ ಬರೆದುಕೊಳ್ಳಲು ಅಂದು ಯಾವ ಕುದುರೆ ವ್ಯಾಪಾರಿಯೂ ಈ ಊರಿಗೆ ಬಂದಿರಲಿಲ್ಲವೆಂಬುದನ್ನು ನೆನೆಯಿರಿ.